ಬೀಗದ ಕೈಗಳ ಸಹವಾಸ

ಹೊಸದಾಗಿ ಒಂದು ಲಿನಕ್ಸ್ ಸರ್ವರನ್ನು ಅಂತರ್ಜಾಲಕ್ಕೆ ತೆರೆದಿಟ್ಟು ಅದರ ಲಾಗನ್ನು ನೋಡುತ್ತ ಕುಳಿತರೆ, ಆ ಯಂತ್ರದ ವಿಳಾಸವನ್ನು ನಾವು ಆಪ್ತರಿಗೂ ತಿಳಿಸುವುದಕ್ಕೆ ಮುನ್ನವೇ, ಎಲ್ಲಿಯವರೋ ಯಾರೋ ಬಂದು 22ನೆಯ ಪೋರ್ಟನ್ನು ತಟ್ಟತೊಡಗಿರುವುದು ಕಣ್ಣಿಗೆ ಬೀಳುತ್ತದೆ. ರೂಟ್, ಅಡ್ಮಿನ್, ಟೆಸ್ಟ್, ಒರಾಕಲ್, ಉಬುಂಟು ಎಂದು ಒಂದಾದ ಮೇಲೊಂದು ಹೆಸರು ಹೇಳಿ, ಒಂದೊಂದು ಹೆಸರಿಗೂ ಹತ್ತಾರು ಪಾಸ್‌ವರ್ಡುಗಳನ್ನು ಒಡ್ಡಿ ನೋಡುವ ಇವರು ಮನುಷ್ಯರಲ್ಲ. ಹಗಲಿರುಳೆನ್ನದೆ ಲೋಕದ ವಿಳಾಸಗಳನ್ನೆಲ್ಲ ತಡಕುತ್ತಿರುವ ಪ್ರೋಗ್ರಾಮುಗಳು. ಬಹುಮಂದಿಗೆ ಭಯವನ್ನುಂಟುಮಾಡುವ ಈ ದೃಶ್ಯ ನನಗಾದರೋ ಒಂದು ಪ್ರಿಯವಾದ ಕೆಲಸದ ಆರಂಭ. ಬ್ಯಾಕಪ್ಪು, ಅಪ್‌ಡೇಟು, ಡಿಸ್ಕಿನ ಲೆಕ್ಕ ಮೊದಲಾಗಿ ಸರ್ವರಿನ ಪಾಲನೆಯಲ್ಲಿ ಬರುವ ನಾನಾ ಕಾರ್ಯಗಳಲ್ಲಿ, ದೂರದಿಂದ ಒಳಹೊಗುವ ಆ ಒಂದು ಬಾಗಿಲನ್ನು ಭದ್ರಪಡಿಸುವುದರಷ್ಟು ಮನಸ್ಸಿಗೆ ಹಿತವಾದದ್ದು ಬೇರೊಂದಿಲ್ಲ.

ಆ ಬಾಗಿಲಿಗೆ ಎಸ್‌ಎಸ್‌ಎಚ್ ಎಂದು ಹೆಸರು. ಅದಕ್ಕೆ ಮೊದಲು ಬಳಕೆಯಲ್ಲಿದ್ದ ಟೆಲ್‌ನೆಟ್ಟಿನಲ್ಲಿ ಪಾಸ್‌ವರ್ಡು ತಂತಿಯುದ್ದಕ್ಕೂ ಬರಿಮೈಯಲ್ಲಿ ಹೋಗುತ್ತಿತ್ತು. ನಡುದಾರಿಯಲ್ಲಿ ಕಿವಿಗೊಟ್ಟು ಕುಳಿತವನಿಗೆ ಅದನ್ನು ಬರೆದುಕೊಳ್ಳುವುದಷ್ಟೇ ಕೆಲಸ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಹಾಗೆ ಕಿವಿಗೊಟ್ಟು ಕುಳಿತ ಒಂದು ಪ್ರೋಗ್ರಾಮು ಪತ್ತೆಯಾಗಿ, ಅದರ ಮಡಿಲಲ್ಲಿ ಸಾವಿರಾರು ಪಾಸ್‌ವರ್ಡುಗಳು ದೊರೆತಾಗ, ಅಲ್ಲಿನ ಸಂಶೋಧಕ ತಾತು ಯ್ಲೋನೆನ್ ಈ ಹೊಸ ಪದ್ಧತಿಯನ್ನು ರಚಿಸಿ, ಅದೇ ವರ್ಷದ ಜುಲೈ ತಿಂಗಳಲ್ಲಿ ಲೋಕಕ್ಕೆ ಉಚಿತವಾಗಿ ಕೊಟ್ಟನು. ಎಫ್‌ಟಿಪಿಯ 21ಕ್ಕೂ ಟೆಲ್‌ನೆಟ್ಟಿನ 23ಕ್ಕೂ ನಡುವೆ ಖಾಲಿಯಿದ್ದ 22ನ್ನು ಕೇಳಿ ಪಡೆದವನೂ ಅವನೇ. ಮುಂದೆ 1999ರಲ್ಲಿ ಓಪನ್‌ಬಿಎಸ್‌ಡಿಯ ಬಳಗದವರು ಅವನ ಹಳೆಯ ಮುಕ್ತ ಆವೃತ್ತಿಯೊಂದರಿಂದ ಬೆಳೆಸಿದ ಓಪನ್‌ಎಸ್‌ಎಸ್‌ಎಚ್ಚೇ ಇಂದು ನಮ್ಮ ಲಿನಕ್ಸ್ ಸರ್ವರುಗಳಲ್ಲೆಲ್ಲ ಕಾವಲು ನಿಂತಿರುವುದು.

ಈ ವಿದ್ಯೆಯಲ್ಲಿ ನನ್ನನ್ನು ಸೆರೆಹಿಡಿದ ಸಂಗತಿ ಒಂದೇ: ರಹಸ್ಯವನ್ನು ಕೈಬಿಡದೆಯೇ, ಅದು ತನ್ನಲ್ಲಿದೆಯೆಂದು ರುಜುವಾತುಪಡಿಸುವ ಬಗೆ. ಪಾಸ್‌ವರ್ಡಿನ ದೋಷವು ಅದರ ಉದ್ದದಲ್ಲಾಗಲಿ ಅಕ್ಷರಗಳಲ್ಲಾಗಲಿ ಇರುವುದಕ್ಕಿಂತ ಹೆಚ್ಚಾಗಿ, ಪ್ರತಿಸಲವೂ ಅದನ್ನು ಎದುರಿನ ಯಂತ್ರಕ್ಕೆ ಒಪ್ಪಿಸಲೇಬೇಕೆಂಬುದರಲ್ಲಿದೆ. ಕೀಲಿಗಳ ಜೋಡಿಯಲ್ಲಾದರೋ ಖಾಸಗಿ ಕೀಲಿ ನನ್ನ ಯಂತ್ರದಲ್ಲಿಯೇ ಉಳಿಯುತ್ತದೆ. ಅದರ ಜೊತೆಯ ಸಾರ್ವಜನಿಕ ಕೀಲಿ ಮಾತ್ರ ಸರ್ವರಿನಲ್ಲಿರುತ್ತದೆ. ಉಭಯ ಯಂತ್ರಗಳೂ ಮೊದಲು ಡಿಫಿ ಮತ್ತು ಹೆಲ್‌ಮನ್ 1976ರಲ್ಲಿ ಪ್ರಕಟಿಸಿದ ಉಪಾಯದ ವಂಶಕ್ಕೆ ಸೇರಿದ ಒಂದು ಗಣಿತದಿಂದ, ಕೇಳುವವರೆಲ್ಲರ ಕಿವಿಯೆದುರಿಗೇ, ತಮ್ಮಿಬ್ಬರಿಗೆ ಮಾತ್ರ ತಿಳಿಯುವ ಗುಟ್ಟೊಂದನ್ನು ಕಟ್ಟಿಕೊಳ್ಳುತ್ತವೆ. ಆ ವೇಳೆಯ ಸಂಭಾಷಣೆಗೇ ವಿಶಿಷ್ಟವಾದ ಗುರುತಿನ ಮೇಲೆ ನನ್ನ ಖಾಸಗಿ ಕೀಲಿ ಸಹಿ ಹಾಕುತ್ತದೆ. ಸರ್ವರು ತನ್ನಲ್ಲಿರುವ ಸಾರ್ವಜನಿಕ ಕೀಲಿಯಿಂದ ಆ ಸಹಿಯನ್ನು ಪರೀಕ್ಷಿಸಿ ದಾರಿಬಿಡುತ್ತದೆ. ಆ ಸಹಿಯನ್ನು ಕದ್ದವನಿಗೆ ಮರುಗಳಿಗೆಗೇ ಅದು ಕೆಲಸಕ್ಕೆ ಬಾರದು. ಪುರಾತನರ ಮುದ್ರೆಯುಂಗುರಕ್ಕೆ ಈ ಗುಣವಿದ್ದಿಲ್ಲ. ಕೆಂಪುನಾರಾಯಣನ ‘ಮುದ್ರಾಮಂಜೂಷ’ವನ್ನು ಓದಿದವರು ಬಲ್ಲರು: ಅಮಾತ್ಯ ರಾಕ್ಷಸನ ಉಂಗುರ ಚಾಣಕ್ಯನ ಕೈಸೇರಿದ್ದೇ ತಡ, ರಾಕ್ಷಸನು ಬರೆಯಿಸದ ಪತ್ರಕ್ಕೆ ರಾಕ್ಷಸನ ಮುದ್ರೆ ಬಿದ್ದು, ಅವನ ನೀತಿಯೆಲ್ಲ ಬುಡಮೇಲಾಗುತ್ತದೆ. ಖಾಸಗಿ ಕೀಲಿಯ ಕಡತವೂ ಕಳವಾಗಬಹುದಾದ ವಸ್ತುವೇ. ಆದುದರಿಂದಲೇ ಅದಕ್ಕೆ ಪಾಸ್‌ಫ್ರೇಸಿನ ಕವಚ ತೊಡಿಸುವುದು. ಆ ಪಾಸ್‌ಫ್ರೇಸು ಒಂದು ಪದವಾಗಿರದೆ ಒಂದು ವಾಕ್ಯವೇ ಆಗಿರತಕ್ಕದ್ದೆಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ.

ಕೀಲಿಯನ್ನು ಹುಟ್ಟಿಸುವ ಗಳಿಗೆ ನನಗೆ ಬಹು ಇಷ್ಟವಾದದ್ದು. ನಾನು ಆರಿಸುವುದು ಇಡಿ25519 ಎಂಬ ಬಗೆ. ಎರಡರ 255ನೆಯ ಘಾತದಿಂದ 19ನ್ನು ಕಳೆದರೆ ದೊರಕುವ ಅವಿಭಾಜ್ಯ ಸಂಖ್ಯೆಯ ಮೇಲೆ ನಿಂತ ಈ ಪದ್ಧತಿಯನ್ನು ಡೇನಿಯಲ್ ಬರ್ನ್‌ಸ್ಟೈನ್, ತಾನ್ಯಾ ಲಾಂಗೆ ಮೊದಲಾದ ಐವರು 2011ರಲ್ಲಿ ಮುಂದಿಟ್ಟರು. 2014ರಲ್ಲಿ ಅದು ಓಪನ್‌ಎಸ್‌ಎಸ್‌ಎಚ್ಚಿಗೆ ಬಂದಿತು. 4096 ಬಿಟ್ಟುಗಳ ಆರ್‌ಎಸ್‌ಎ ಸಾರ್ವಜನಿಕ ಕೀಲಿ ಏಳುನೂರಕ್ಕೂ ಮಿಕ್ಕಿದ ಅಕ್ಷರಗಳಾಗಿ ತೆರೆಯ ಮೇಲೆ ಹಲವು ಸಾಲು ಹರಿದರೆ, ಇದು 68 ಅಕ್ಷರಗಳಲ್ಲಿ ಮುಗಿದುಹೋಗುತ್ತದೆ. ಆಜ್ಞೆಯನ್ನಿತ್ತು, ಪಾಸ್‌ಫ್ರೇಸನ್ನು ಎರಡು ಬಾರಿ ಬರೆದೊಡನೆ ತೆರೆಯ ಮೇಲೆ ಮೊದಲು ಕೀಲಿಯ ಗುರುತಾದ ಬೆರಳಚ್ಚು ಮೂಡುತ್ತದೆ. ಅದರ ಕೆಳಗೆ 17 ಅಂಕಣ, 9 ಸಾಲುಗಳ ಪುಟ್ಟ ಚೌಕಟ್ಟೊಂದರಲ್ಲಿ ಚುಕ್ಕಿ, ಸೊನ್ನೆ, ಅಧಿಕ ಚಿಹ್ನೆ, ನಕ್ಷತ್ರಗಳಿಂದಾದ ಚಿತ್ರ. ಚೌಕಟ್ಟಿನ ನಟ್ಟನಡುವಿನಿಂದ ಹೊರಟ ಒಂದು ಬಿಂದು, ಬೆರಳಚ್ಚಿನ ಎರಡೆರಡು ಬಿಟ್ಟುಗಳು ಹೇಳಿದಂತೆ ಮೂಲೆಮೂಲೆಯಾಗಿ ಹೆಜ್ಜೆಯಿಡುತ್ತ, ಹೆಚ್ಚು ಸಲ ತುಳಿದ ಮನೆಯಲ್ಲಿ ಹೆಚ್ಚು ದಟ್ಟವಾದ ಚಿಹ್ನೆಯನ್ನು ಬಿಡುತ್ತ ಹೋಗುತ್ತದೆ. ಅಕ್ಷರಗಳ ಸರಣಿಯಲ್ಲಿ ಕಣ್ಣಿಗೆ ತಪ್ಪಿಹೋಗುವ ವ್ಯತ್ಯಾಸ ಚಿತ್ರದಲ್ಲಿ ತಟ್ಟನೆ ಗೋಚರವಾಗಲೆಂದು ಈ ಏರ್ಪಾಡು. ನನ್ನ ಮುಖ್ಯ ಸರ್ವರುಗಳ ಕೀಲಿಗಳ ಚಿತ್ರಗಳು ನನಗೆ ಪರಿಚಿತ ಮುಖಗಳು.

ಬೆರಳಚ್ಚಿನ ವಿಷಯದಲ್ಲಿ ಮಾತ್ರ ನಾನು ಯಾರೊಡನೆಯೂ ರಾಜಿಯಾಗಲಾರೆ. ಒಂದು ಸರ್ವರಿಗೆ ಮೊದಲ ಬಾರಿ ಹೋದಾಗ, ಇದರ ಗುರುತು ನನಗೆ ತಿಳಿಯದು, ಮುಂದುವರಿಯಲೇ ಎಂದು ಯಂತ್ರವು ಕೇಳುತ್ತದೆ. ಜನ ಹಿಂದುಮುಂದು ನೋಡದೆ ಆಗಲಿ ಎಂದುಬಿಡುತ್ತಾರೆ. ನಮ್ಮನ್ನು ಸರ್ವರು ಪರೀಕ್ಷಿಸುವಂತೆ ಸರ್ವರನ್ನು ನಾವು ಪರೀಕ್ಷಿಸಲು ಅದೊಂದೇ ಅವಕಾಶ. ಆ ಗುರುತನ್ನು ಸರ್ವರಿನ ಕನ್ಸೋಲಿನಲ್ಲಿಯೇ ಓದಿಕೊಂಡು ತಾಳೆನೋಡಿದ ಮೇಲೆ ಹೂಂಗುಟ್ಟಿದರೆ, ನಡುವೆ ನಿಂತು ಇತ್ತ ಸರ್ವರಿನಂತೆಯೂ ಅತ್ತ ನಮ್ಮಂತೆಯೂ ನಟಿಸುವವನಿಗೆ ಎಡೆಯಿಲ್ಲ.

ಆದರೆ ಈ ಸಮಸ್ತ ಗಣಿತವೂ ನಿಂತಿರುವುದು ಯಾದೃಚ್ಛಿಕತೆಯ ಮೇಲೆ, ಎಂದರೆ ಯಾರೂ ಊಹಿಸಲಾಗದ ಸಂಖ್ಯೆಯ ಮೇಲೆ. 2006ರಲ್ಲಿ ಡೆಬಿಯನ್ ಬಳಗದಲ್ಲಿ, ಒಂದು ಪರೀಕ್ಷಕ ಸಾಧನ ಆಕ್ಷೇಪಿಸಿತೆಂದು ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶದ ಎರಡು ಸಾಲುಗಳನ್ನು ತೆಗೆದರು. ಅವುಗಳೊಡನೆ ಆ ಊಹಾತೀತತೆಯೂ ಹೊರಟುಹೋಗಿ, ಪ್ರೊಸೆಸ್ಸಿನ ಕ್ರಮಾಂಕವೊಂದೇ ಬೀಜವಾಗಿ ಉಳಿಯಿತು. ಒಂದೊಂದು ಬಗೆಯ ಯಂತ್ರಕ್ಕೂ ಒಂದೊಂದು ಅಳತೆಯ ಕೀಲಿಗೂ ಹುಟ್ಟಬಹುದಾದದ್ದು 32 ಸಾವಿರ ಚಿಲ್ಲರೆ ಕೀಲಿಗಳು ಮಾತ್ರ. ಕುಳಿತು ಎಲ್ಲವನ್ನೂ ಮೊದಲೇ ತಯಾರಿಸಿಟ್ಟುಕೊಳ್ಳಬಹುದಾದಷ್ಟು. ಲೂಸಿಯಾನೊ ಬೆಲ್ಲೊ ಕಂಡುಹಿಡಿದ ಆ ದೋಷ 2008ರ ಮೇ ತಿಂಗಳಲ್ಲಿ ಬಯಲಾಗುವವರೆಗೆ, ನೋಡುವುದಕ್ಕೆ ಸರ್ವಾಂಗಸುಂದರವಾಗಿದ್ದ ಆ ಕೀಲಿಗಳನ್ನು ಜನ ನಂಬಿಕೊಂಡಿದ್ದರು.

ಇನ್ನು ಸರ್ವರಿನ ಕಡೆಯ ಕೆಲಸ. ಕೀಲಿಗಳ ಕೋಶಕ್ಕೆ 700, ಕಡತಕ್ಕೆ 600 ಎಂಬ ಅನುಮತಿಯ ಅಂಕಗಳಿರಬೇಕು; ಕಡತವನ್ನು ಅನ್ಯರೂ ತಿದ್ದಬಹುದಾದ ಸ್ಥಿತಿಯಲ್ಲಿಟ್ಟರೆ ಸರ್ವರು ಆ ಕೀಲಿಯನ್ನೇ ಒಲ್ಲೆನೆನ್ನುತ್ತದೆ, ಮತ್ತು ಅದರ ಈ ನಿಷ್ಠುರತೆ ನನಗೆ ಮೆಚ್ಚುಗೆ. ಆಮೇಲೆ ಪಾಸ್‌ವರ್ಡಿನ ಪ್ರವೇಶವನ್ನು ಮುಚ್ಚುವುದು. ತೆರೆದಿರುವ ಟರ್ಮಿನಲ್ಲನ್ನು ಹಾಗೆಯೇ ಬಿಟ್ಟು, ತಿದ್ದಿದ ಕಡತದಲ್ಲಿ ವ್ಯಾಕರಣದೋಷವಿಲ್ಲವೆಂದು ಯಂತ್ರದಿಂದಲೇ ಹೇಳಿಸಿ, ಸೇವೆಯನ್ನು ಮರಳಿ ಆರಂಭಿಸಿ, ಎರಡನೆಯ ಟರ್ಮಿನಲ್ಲಿನಿಂದ ಹೊಸದಾಗಿ ಲಾಗಿನ್ ಆಗಿ ನೋಡಬೇಕು. ಆ ಎರಡನೆಯ ಕಿಟಕಿಯಲ್ಲಿ ಪ್ರಾಂಪ್ಟ್ ಬಂದು ನಿಂತಾಗ ಆಗುವ ಸಂತೋಷವನ್ನು ಅನುಭವಿಸಿದವರೇ ಬಲ್ಲರು. ಅಂದಿನಿಂದ ಹೊರಗಿನ ಪ್ರೋಗ್ರಾಮುಗಳು ಎಷ್ಟು ಹೆಸರು ಕೂಗಿದರೂ ಪಾಸ್‌ವರ್ಡನ್ನು ಕೇಳುವವರೇ ಒಳಗಿಲ್ಲ.

ಇಷ್ಟಾದರೂ ಕಣ್ಣು ಮುಚ್ಚುವಂತಿಲ್ಲ. 2024ರ ಮಾರ್ಚಿನಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದ ಕೆಲಸಗಾರ ಆಂಡ್ರೆಸ್ ಫ್ರಾಯಿಂಡ್, ತನ್ನ ಯಂತ್ರದಲ್ಲಿ ಎಸ್‌ಎಸ್‌ಎಚ್ ಲಾಗಿನ್ನಿಗೆ ಹಿಂದಿಗಿಂತ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿ, ಅದರ ಜಾಡು ಹಿಡಿದು ಹೋದಾಗ, ಎಕ್ಸ್‌ಜೆಡ್ ಎಂಬ ಸಂಕೋಚನ ತಂತ್ರಾಂಶದೊಳಗೆ ಯಾರೋ ವರ್ಷಗಟ್ಟಲೆ ವಿಶ್ವಾಸ ಸಂಪಾದಿಸಿ ಹುದುಗಿಸಿದ್ದ ಕಳ್ಳಬಾಗಿಲು ಬಯಲಾಯಿತು. ಅರ್ಧ ಸೆಕೆಂಡನ್ನು ಉಪೇಕ್ಷಿಸದ ಆ ಮನೋಧರ್ಮದ ಬಗ್ಗೆ ನನಗೆ ಅಪಾರವಾದ ಗೌರವವಿದೆ. ಈ ಕೆಲಸದಲ್ಲಿ ಗಣಿತಜ್ಞರ ಋಣದಷ್ಟೇ ಇಂತಹವರ ಋಣವೂ ನಮ್ಮ ಮೇಲಿದೆ.

ಕ್ವಾಂಟಮ್ ಯಂತ್ರಗಳು ಬಲಿತ ದಿನ ಇಂದಿನ ಈ ಗಣಿತ ನಿಲ್ಲದೆಂದು ಬಲ್ಲವರು ಹೇಳುತ್ತಾರೆ. ಇಂದು ಗೂಢಲಿಪಿಯನ್ನು ಹಿಡಿದಿಟ್ಟು ಅಂದು ಬಿಡಿಸುವವರಿಗೆ ಎಡೆಯಾಗದಿರಲೆಂದು 2022ರಲ್ಲಿಯೇ ಓಪನ್‌ಎಸ್‌ಎಸ್‌ಎಚ್ಚು ತನ್ನ ಕೀಲಿ ವಿನಿಮಯದಲ್ಲಿ ಹಳೆಯ ಗಣಿತದ ಜೊತೆಗೆ ಅಂತಹ ಯಂತ್ರಗಳಿಗೂ ಜಗ್ಗದಂತೆ ರಚಿಸಿದ ಹೊಸದೊಂದನ್ನು ರೂಢಿಯಾಗಿಯೇ ಬಳಸತೊಡಗಿತು. ಸಹಿ ಹಾಕುವ ನನ್ನ ಇಡಿ25519 ಕೀಲಿಗಳಿನ್ನೂ ಹಳೆಯವೇ. ಅವುಗಳ ಸ್ಥಾನಕ್ಕೆ ಹೊಸ ಸಹಿಪದ್ಧತಿ ಬಂದು ನೆಲೆನಿಂತಾಗ, ನಾನು ನೋಡಿಕೊಳ್ಳುವ ಸರ್ವರುಗಳಲ್ಲೆಲ್ಲ ಕೀಲಿಯ ಸಾಲುಗಳನ್ನು ಅಳಿಸಿ ಮರಳಿ ಬರೆಯಬೇಕಾಗುತ್ತದೆ, ಬೆರಳಚ್ಚುಗಳನ್ನು ಮೊದಲಿನಿಂದ ತಾಳೆನೋಡಬೇಕಾಗುತ್ತದೆ. ಆ ಕೆಲಸ ಬರಲೆಂದು ನಾನು ಆಸೆಯಿಂದ ಕಾದಿದ್ದೇನೆ.