ಮರ್ಕಂಜದ ಮಾತು, ಸುಳ್ಯದ ಮದ್ದು

ಸುಳ್ಯ ಪೇಟೆಯಿಂದ ಮಡಿಕೇರಿಯ ಹೆದ್ದಾರಿಯನ್ನು ಹಿಡಿದು ಹೊರಟ ಪ್ರವಾಸಿಗನಿಗೆ ಪಯಸ್ವಿನಿ ನದಿಯ ಸಾಂಗತ್ಯ ದೊರೆಯುತ್ತದೆ. ಅರಂತೋಡಿನಲ್ಲಿ ಹೆದ್ದಾರಿಗೆ ಬೆನ್ನು ಮಾಡಿ ಎಲಿಮಲೆಯ ಹಾದಿಗೆ ತಿರುಗಿದನೆಂದರೆ ಪೇಟೆಯ ಸದ್ದು ಮರೆಯಾಗುತ್ತದೆ. ಗುಡ್ಡದ ಓರೆಯಲ್ಲಿ ರಬ್ಬರು, ತಗ್ಗಿನಲ್ಲಿ ಅಡಿಕೆ, ಅಲ್ಲಲ್ಲಿ ತೋಡು, ತೋಟದ ಮರೆಯಲ್ಲಿ ಹೆಂಚಿನ ಮನೆ. ಇದೇ ಮರ್ಕಂಜ. ಬಯಲುಸೀಮೆಯ ಊರುಗಳಂತೆ ಇಲ್ಲಿ ಗೋಡೆಗೆ ಗೋಡೆ ತಾಗಿಸಿ ನಿಂತ ಮನೆಗಳ ಬೀದಿಯಿಲ್ಲ. ಒಂದು ಮನೆಯಲ್ಲಿ ಕೂಗಿದರೆ ಇನ್ನೊಂದು ಮನೆಗೆ ಕೇಳಿಸುವುದೂ ಗಾಳಿಯ ದಯೆಯಿಂದಲೇ.

ಊರು ಚಿಕ್ಕದಾದರೂ ಈ ಸೀಮೆಯ ಮಾತಿನ ಸಿರಿ ದೊಡ್ಡದು. ಗೌಡರ ಮನೆಗಳಲ್ಲಿ ಅರೆಭಾಷೆ, ಹವ್ಯಕರ ಮನೆಗಳಲ್ಲಿ ಅವರದೇ ಕನ್ನಡ, ಎಲ್ಲರ ನಡುವೆ ಓಡಾಡುವುದಕ್ಕೆ ತುಳು. ಸುಳ್ಯದ ಪೇಟೆಗೆ ಬಂದರೆ ಮಲಯಾಳ, ಬ್ಯಾರಿ, ಕೊಂಕಣಿಗಳೂ ಕಿವಿಗೆ ಬೀಳುತ್ತವೆ. 1964ರ ಒಪ್ಪಂದದ ಬಳಿಕ ಶ್ರೀಲಂಕೆಯಿಂದ ಮರಳಿ ಬಂದು ಸರಕಾರಿ ರಬ್ಬರು ತೋಟಗಳಲ್ಲಿ ನೆಲೆಸಿದವರ ತಮಿಳೂ ಉಂಟು. ವ್ಯಾಪಾರಕ್ಕೆ, ನಂಟಸ್ತನಕ್ಕೆ ಇಷ್ಟು ಭಾಷೆಗಳಿದ್ದರೆ ಸೊಗಸೇ. ಆದರೆ ಮೈಗೆ ಸುಖವಿಲ್ಲದಾಗ ಏನಾಗುತ್ತದೆ?

ತುಳುವಿನಲ್ಲಿ ‘ಬಂಜಿ’ ಎಂದರೆ ಹೊಟ್ಟೆ, ‘ಬೇನೆ’ ಎಂದರೆ ನೋವು. ಮುದುಕಿಯೊಬ್ಬಳು ‘ಬಂಜಿಬೇನೆ’ ಎಂದಳೆಂದು ಇಟ್ಟುಕೊಳ್ಳೋಣ. ಮೈಸೂರು ಸೀಮೆಯಿಂದ ಬಂದ ವೈದ್ಯ ವಿದ್ಯಾರ್ಥಿಯ ಕಿವಿಗೆ ಮೊದಲ ಶಬ್ದ ‘ಬಂಜೆ’ಯಂತೆಯೂ, ಎರಡನೆಯದು ಹೆರಿಗೆಯ ಬೇನೆಯಂತೆಯೂ ಕೇಳಿಸೀತು! ಇಲ್ಲಿ ನಗೆಯಾಡಿ ತಿದ್ದಿಕೊಳ್ಳಬಹುದು. ನಗಲಾಗದ ಸಂದರ್ಭಗಳೂ ಉಂಟು.

ಮಳೆ ಹಿಡಿಯುವ ಮುನ್ನ ಒಮ್ಮೆ, ನಲವತ್ತು ನಲವತ್ತೈದು ದಿನ ಕಳೆದು ಮತ್ತೊಮ್ಮೆ, ಕೊಳೆರೋಗ ತಗಲದಂತೆ ಅಡಿಕೆಯ ಗೊನೆಗಳಿಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದು ಈ ಸೀಮೆಯ ವಾಡಿಕೆ. ಮೈಲುತುತ್ತನ್ನೂ ಸುಣ್ಣವನ್ನೂ ಬೆರೆಸಿದ ಈ ನೀಲಿ ನೀರಿಗೆ ಇಲ್ಲಿನ ಹೆಸರು ‘ಮದ್ದು’. ಸಿಂಪಡಿಸುವ ಕೆಲಸಕ್ಕೆ ‘ಮದ್ದು ಬಿಡುವುದು’. ರಕ್ತದೊತ್ತಡದ ಮಾತ್ರೆ ನುಂಗುತ್ತಿರುವ ಕೃಷಿಕನೊಬ್ಬ ಆಸ್ಪತ್ರೆಗೆ ಬಂದು, “ಮೊನ್ನೆ ಮದ್ದು ಬಿಟ್ಟದ್ದು, ಅಂದಿನಿಂದ ಕಣ್ಣುರಿ, ಮೈ ತುರಿಕೆ” ಎನ್ನುತ್ತಾನೆಂದು ಭಾವಿಸಿ. ಪರವೂರಿನ ವಿದ್ಯಾರ್ಥಿ ಇದನ್ನು ಏನೆಂದು ಬರೆದಾನು? ‘ರೋಗಿ ಮೂರು ದಿನಗಳಿಂದ ಔಷಧಿ ನಿಲ್ಲಿಸಿದ್ದಾನೆ’ ಎಂದು, ನಿರ್ದುಷ್ಟವಾದ ಇಂಗ್ಲಿಷಿನಲ್ಲಿ! ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ, ಸಂಗತಿಯೇ ತಪ್ಪು. ಒಮ್ಮೆ ಕಾಗದಕ್ಕೆ ಇಳಿದ ಮಾತು ಒಬ್ಬರಿಂದೊಬ್ಬರಿಗೆ ಸಾಗುತ್ತ ಸತ್ಯವೆಂದೇ ನೆಲೆನಿಲ್ಲುತ್ತದೆ.

ಇಂತಹ ಪ್ರಶ್ನೆಗಳು ಸುಳ್ಯದಲ್ಲಿ ಏಳುವುದಕ್ಕೆ ಕಾರಣವಿದೆ. ಕುರುಂಜಿ ವೆಂಕಟರಮಣ ಗೌಡರ ಮುಂದಾಳುತನದಲ್ಲಿ 1976ರಲ್ಲಿ ನೆಹರೂ ಸ್ಮಾರಕ ಕಾಲೇಜು ಆರಂಭವಾದ ಈ ಮಲೆಯ ಪೇಟೆ ಕ್ರಮೇಣ ವಿದ್ಯಾಕೇಂದ್ರವಾಯಿತು. ದಂತವೈದ್ಯ, ಆಯುರ್ವೇದ ಮತ್ತು ದಾದಿಯರ ಕಾಲೇಜುಗಳು ತಲೆಯೆತ್ತಿದವು. 2002ರಲ್ಲಿ ವೈದ್ಯಕೀಯ ಮಹಾವಿದ್ಯಾಲಯವೂ ಬಂದಿತು. ದೂರದೂರದ ತರುಣ ತರುಣಿಯರು ಇಲ್ಲಿ ಓದುತ್ತಾರೆ. ಅವರ ಪುಸ್ತಕದ ಭಾಷೆ ಇಂಗ್ಲಿಷ್.

ಆ ಇಂಗ್ಲಿಷೂ ಸಾಮಾನ್ಯರ ಇಂಗ್ಲಿಷಲ್ಲ. ‘ಅಕ್ಯೂಟ್’ ಎಂದರೆ ಜೋರಾದದ್ದು ಎಂದು ಜನ ತಿಳಿಯುತ್ತಾರೆ. ವೈದ್ಯರಿಗೆ ಅದು ಮುಖ್ಯವಾಗಿ ಹೊಸದಾಗಿ ಕಾಣಿಸಿಕೊಂಡದ್ದು. ‘ಡಿಸ್ಚಾರ್ಜ್’ ಎಂದರೆ ರೋಗಿ ಮನೆಗೆ ಹೊರಟನೆಂದೂ ಆಗಬಹುದು, ಗಾಯದಿಂದ ಕೀವು ಸೋರುತ್ತಿದೆಯೆಂದೂ ಆಗಬಹುದು. ವರದಿ ‘ನೆಗೆಟಿವ್’ ಎಂದರೆ ಕೇಡೆಂದು ಮನೆಮಂದಿ ಅಳುವುದೂ ಉಂಟು. ಅದು ಹೆಚ್ಚಾಗಿ ಹಿಗ್ಗಬೇಕಾದ ಸುದ್ದಿ. ಚೀಟಿಯ ‘ಬಿ.ಡಿ.’, ‘ಎಸ್.ಓ.ಎಸ್.’ಗಳಂತೂ ಲ್ಯಾಟಿನ್ನಿನ ತುಣುಕುಗಳು: ದಿನಕ್ಕೆರಡು ಸಲ, ಬೇಕೆನಿಸಿದಾಗ ಮಾತ್ರ.

2019ರಲ್ಲಿ ದೇಶದಲ್ಲೆಲ್ಲ ಜಾರಿಗೆ ಬಂದ ವೈದ್ಯ ಪಠ್ಯಕ್ರಮವು ಎರಡು ಮಾತುಗಳನ್ನು ಗುರುತಿಸಿತು. ಆರಂಭದ ದಿನಗಳಲ್ಲಿಯೇ ಇಂಗ್ಲಿಷಿನ ಜೊತೆಗೆ ಊರಿನ ಭಾಷೆಯ ಪರಿಚಯವೂ ಆಗಬೇಕು. ಆರೋಗ್ಯ ತಂಡದೊಡನೆ ಕೂಡಿ ದುಡಿಯುವುದೂ ಪಾಠವಾಗಬೇಕು. ಇವು ಬೇರೆಬೇರೆ ಪಾಠಗಳೆಂದು ಮೇಲುನೋಟಕ್ಕೆ ತೋರುತ್ತದೆ. ಮರ್ಕಂಜದ ಹಾದಿಯಲ್ಲಿ ನಿಂತು ನೋಡಿದರೆ ಎರಡೂ ಒಂದೇ. ‘ಮದ್ದು ಬಿಟ್ಟ’ವನ ಮಾತನ್ನು ವಿದ್ಯಾರ್ಥಿ ತಪ್ಪಾಗಿ ಬರೆಯುವಾಗ, ಪಕ್ಕದಲ್ಲಿ ನಿಂತ ಈ ಊರಿನದೇ ದಾದಿಗೆ ನಿಜಾರ್ಥ ಗೊತ್ತು. “ಅದು ಹಾಗಲ್ಲ, ಡಾಕ್ಟ್ರೇ” ಎನ್ನುವ ಧೈರ್ಯ ಆಕೆಗಿದೆಯೇ? ಕೇಳಿಸಿಕೊಳ್ಳುವ ವಿನಯ ಅವನಿಗಿದೆಯೇ? ರೋಗಿಯ ಕ್ಷೇಮ ನಿಂತಿರುವುದು ಈ ಎರಡು ಪ್ರಶ್ನೆಗಳ ಮೇಲೆ.

ಹೊರಲೋಕವೂ ಈ ಪಾಠವನ್ನು ಕಲಿತಿದೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಬಳಕೆಯಲ್ಲಿದ್ದ ಒಂದು ವರದಿಯ ಕ್ರಮವನ್ನು ಅಲ್ಲಿನ ಆಸ್ಪತ್ರೆಗಳು ಅಳವಡಿಸಿಕೊಂಡವು. ಈಗಿನ ಸ್ಥಿತಿ, ಹಿನ್ನೆಲೆ, ತನ್ನ ಅಂದಾಜು, ಆಗಬೇಕಾದ ಕೆಲಸ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ದಾದಿ ವೈದ್ಯನಿಗೆ ಸುದ್ದಿ ಮುಟ್ಟಿಸುತ್ತಾಳೆ. ಮೂರನೆಯ ಮೆಟ್ಟಿಲಲ್ಲಿ ಆಕೆಯ ಅಭಿಪ್ರಾಯಕ್ಕೆ ಎಡೆಯಿರುವುದೇ ಇದರ ಹಿರಿಮೆ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಶಸ್ತ್ರಚಿಕಿತ್ಸೆಯ ತಾಳೆಪಟ್ಟಿಯೂ, ಕತ್ತರಿ ಹಾಕುವ ಮುನ್ನ ಕೊಠಡಿಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರನ್ನೂ ಕೆಲಸವನ್ನೂ ಹೇಳಿಕೊಳ್ಳಬೇಕೆನ್ನುತ್ತದೆ. ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟವಾಯಿತು.

ಈಗ ವೈದ್ಯ ವಿದ್ಯಾರ್ಥಿಗಳು ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯವನ್ನು ಗಮನಿಸುತ್ತಿರಬೇಕೆಂಬ ನಿಯಮವಿದೆ. ಇಂತಹ ಸೀಮೆಯಲ್ಲಿ ಮನೆಯಿಂದ ಮನೆಗೆ ದಾರಿ ತೋರಲು ಆಶಾ ಕಾರ್ಯಕರ್ತೆಗಿಂತ ಯೋಗ್ಯರು ಬೇರೆ ಯಾರು? ಯಾವ ತೋಡಿಗೆ ಅಡಿಕೆಮರದ ಕಾಲುಸಂಕವಿದೆ, ಯಾವ ಮನೆಯ ಅಜ್ಜಿಗೆ ಕಿವಿ ಮಂದ, ಯಾವ ಮನೆಯಲ್ಲಿ ಮಾತ್ರೆಯ ಚೀಟಿಯನ್ನು ಓದುವವರಿಲ್ಲ ಎಂಬುದನ್ನೆಲ್ಲ ಬಲ್ಲವಳು ಆಕೆ. ಅಂಥವಳ ಹಿಂದೆ ಕಾಲುಸಂಕದ ಮೇಲೆ ಅಂಜುತ್ತ ಹೆಜ್ಜೆಯಿಡುವ ವಿದ್ಯಾರ್ಥಿ, ಅಂಗಳ ಸೇರಿ ಪುಸ್ತಕ ತೆರೆಯುವ ಮುನ್ನ, “ಮದ್ದು ಬಿಟ್ಟದ್ದು ತೋಟಕ್ಕೋ, ನೀವು ನುಂಗುವುದನ್ನೋ?” ಎಂದು ಕೇಳಲು ಕಲಿತರೆ ಸಾಕು. ಆಮೇಲೆ ಅದನ್ನು ಇಂಗ್ಲಿಷಿನಲ್ಲಿ ಬರೆಯುವುದು ಕಷ್ಟವಲ್ಲ.