ನಾಲ್ಕು ಬೆರಳಿನ ಸಂದು

ತಿಪಟೂರು ದಾಟಿ ಹೊನ್ನವಳ್ಳಿ ರಸ್ತೆಗೆ ತಿರುಗಿದ ಮೇಲೆ ಸಿಕ್ಕ ಮೂರನೆಯ ಹಂಪಿನಲ್ಲಿ ಗಾಡಿಯ ಹೊಟ್ಟೆ ಕರ್ರೆಂದು ತಾಗಿತು. ಹಿಂದಿನ ಸೀಟಿನ ಮುಕ್ಕಾಲು ಭಾಗ ಮಡಚಿ ತೋಟದ ಸಬ್‌ಮರ್ಸಿಬಲ್ ಮೋಟಾರು ಮಲಗಿಸಿದ್ದೆ. ಉಳಿದ ಜಾಗದಲ್ಲಿ ಅಮ್ಮ, ಅವರ ಕಾಲಡಿ ಕೇಬಲ್ ಸುರುಳಿ. ಬೆಂಗಳೂರಿನಿಂದ ತುಮಕೂರು, ಗುಬ್ಬಿ, ಕೆ.ಬಿ. ಕ್ರಾಸ್ ಹಾದು ಸುಮಾರು 140 ಕಿಲೋಮೀಟರು ಸುಮ್ಮನೆ ಬಂದ ಗಾಡಿ ಮನೆ ಹತ್ತಿರ ಬಂದಾಗ ನರಳಿತು. "ಟೈರು ಸಣ್ಣದಾಯ್ತೇನೋ ಕಣೇ, ಸ್ವಲ್ಪ ದೊಡ್ಡದು ಹಾಕ್ಸು" ಅಂದರು ಅಮ್ಮ. ನನ್ನ ತಲೆಯಲ್ಲೂ ಅದೇ ಇತ್ತು. ನಾಲ್ಕೂ ಟೈರು ಬದಲಿಸುವ ಕಾಲ ಹೇಗೂ ಬಂದಿತ್ತು.

ಗಾಡಿ ಅಪ್ಪ 2007ರಲ್ಲಿ ಕೊಂಡ ಟಾಟಾ ಇಂಡಿಗೊ ಮರೀನಾ, 1405 ಸಿಸಿಯ ಟರ್ಬೊ ಡೀಸೆಲ್ಲು. 1992ರಲ್ಲಿ ಟಾಟಾದವರು ಎಸ್ಟೇಟ್ ಅನ್ನುವ ಸ್ಟೇಷನ್ ವ್ಯಾಗನ್ ತಂದಿದ್ದರು, 2004ರಲ್ಲಿ ಮರೀನಾ ತಂದರು. ಎರಡೂ ಬಹಳ ಕಾಲ ನಡೆಯಲಿಲ್ಲ. ನಮ್ಮ ಜನಕ್ಕೆ ಕಾರೆಂದರೆ ಹಿಂದೆ ಡಿಕ್ಕಿ ಬೇರೆಯಾಗಿ ಕಾಣಬೇಕು. ಆದರೆ ತೆಂಗಿನ ಸೀಮೆಯ ಮನೆಗೆ ಇದಕ್ಕಿಂತ ಒಪ್ಪುವ ಕಾರು ನಾನು ಇನ್ನೊಂದು ಕಂಡಿಲ್ಲ. ಸುಲಿದ ಕಾಯಿ, ಗೊಬ್ಬರದ ಚೀಲ, ಪೈಪಿನ ಸುರುಳಿ, ಆಸ್ಪತ್ರೆಗೆ ಹೊರಟ ಪಕ್ಕದ ಮನೆಯ ಬಾಣಂತಿ, ಎಲ್ಲರೂ ಈ ಹಿಂಬಾಗಿಲಲ್ಲೇ ಹತ್ತಿ ಇಳಿದಿದ್ದಾರೆ. ಹದಿನೈದು ವರ್ಷ ತುಂಬಿದಾಗ ಗುಜರಿಗೆ ಹಾಕಿ ಅಂದವರಿದ್ದರು. ಅಪ್ಪ ಎಫ್‌ಸಿ ಮಾಡಿಸಿ ಮತ್ತೆ ಐದು ವರ್ಷಕ್ಕೆ ನೋಂದಣಿ ಮಾಡಿಸಿಕೊಂಡು ಬಂದರು.

ಸಂಜೆ ಊರಿನ ಪಂಕ್ಚರ್ ಅಂಗಡಿಗೆ ಒಯ್ದೆ. ಅಂಗಡಿಯವರು ಅಪ್ಪನ ವಾರಿಗೆಯವರು, ನಾನು ಸ್ಕೂಲಿಗೆ ಹೋಗುತ್ತಿದ್ದಾಗ ಸೈಕಲ್ಲಿಗೆ ಗಾಳಿ ಹೊಡೆದು ಕೊಟ್ಟವರು. "ದೊಡ್ಡಪ್ಪ, ಒಂದು ಸೈಜು ದೊಡ್ಡದು ಹಾಕಿದ್ರೆ ಗಾಡಿ ಮೇಲೇಳಲ್ವಾ?" ಅಂದೆ. ಉತ್ತರ ಹೇಳದೆ ಕುಕ್ಕರುಗಾಲಲ್ಲಿ ಕೂತು ಹಿಂದಿನ ಟೈರಿನ ಒಳಮೈ ಸವರಿದರು. "ಕೈ ಕೊಡವ್ವ ಇಲ್ಲಿ" ಅಂತ ನನ್ನ ಬೆರಳನ್ನೂ ಅಲ್ಲಿಟ್ಟರು. ಹೊರಗಡೆ ಬಟನ್ ಇನ್ನೂ ಎದ್ದು ನಿಂತಿವೆ, ಒಳಗಡೆ ಬೋಳು, ತಂತಿ ಕಾಣುವುದೊಂದು ಬಾಕಿ. ಆಮೇಲೆ ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದಿಗೆ ಬೆರಳು ತೂರಿಸಿದರು. ಮೋಟಾರು ಇನ್ನೂ ಇಳಿಸಿರಲಿಲ್ಲ. ಒಂದೇ ಬೆರಳು ಹೋಯಿತು. "ನಾಕು ಬೆಳ್ಳು ಇರ್ಬೇಕು ಕಣವ್ವ. ಟೈರೇನ್ ಮಾಡ್ತದೆ ಪಾಪ, ಸ್ಪ್ರಿಂಗ್ ಕುಂತೋಗೈತೆ."

ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ರಾತ್ರಿ ಊಟವಾದ ಮೇಲೆ ಅಪ್ಪನ ಕಾಯಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆ. ಮೂಲ ಟೈರು 175/65 ಆರ್ 14. ಅಗಲ 175 ಮಿಲಿಮೀಟರು. ಅದರ ನೂರಕ್ಕೆ 65ರಷ್ಟು ಪಕ್ಕೆಯ ಎತ್ತರ, ಅಂದರೆ 113.75. ಪಕ್ಕೆ ಮೇಲೊಂದು ಕೆಳಗೊಂದು, ನಡುವೆ 14 ಇಂಚಿನ ರಿಮ್ಮು 355.6. ಕೂಡಿದರೆ ಟೈರಿನ ಪೂರ್ತಿ ಎತ್ತರ 583 ಮಿಲಿಮೀಟರು. ತಮ್ಮ ಫೋನಿನಲ್ಲಿ "185/65 ಹಾಕಿಸಕ್ಕಾ, ಎಲ್ಲರೂ ಅದನ್ನೇ ಹಾಕಿಸ್ತಾರೆ" ಅಂದಿದ್ದ. ಅದರ ಎತ್ತರ 596. ಹೆಚ್ಚಿದ್ದು 13, ಆದರೆ ಗಾಡಿ ಏಳುವುದು ಅದರಲ್ಲಿ ಅರ್ಧ, ಆರೂವರೆ ಮಿಲಿಮೀಟರು. 175/70 ಆದರೆ ಒಂಬತ್ತಕ್ಕೆ ಸ್ವಲ್ಪ ಕಡಿಮೆ. ನನ್ನ ಕಣ್ಣಿದ್ದದ್ದು 185/70ರ ಮೇಲೆ. ಅದು 615ರ ಹತ್ತಿರ ಹೋಗುತ್ತದೆ, ಗಾಡಿ 16 ಮಿಲಿಮೀಟರು ಏಳುತ್ತದೆ. ಆದರೆ ಸುತ್ತಳತೆ ನೂರಕ್ಕೆ ಐದಕ್ಕಿಂತ ಹೆಚ್ಚಾಗುತ್ತದೆ. ಮೂರು ದಾಟಬಾರದು ಅನ್ನುವುದು ಟೈರಿನವರಲ್ಲಿ ನಡೆದು ಬಂದ ಲೆಕ್ಕ. ಮೀಟರು 100 ಕಿಲೋಮೀಟರು ತೋರಿಸಿದ್ದ ಕಡೆ ಗಾಡಿ 105 ಓಡಿರುತ್ತದೆ. ಏರಿನಲ್ಲಿ ಇಂಜಿನ್ನಿಗೆ ಅಷ್ಟೇ ತಿಣುಕಾಟ. ಪೂರ್ತಿ ತಿರುಗಿಸಿದಾಗ ಮುಂದಿನ ಟೈರು ಒಳಗೆ ಉಜ್ಜುವ ಭಯ ಬೇರೆ.

ಹಿಂದೆ ಮಡ್‌ಗಾರ್ಡಿನ ಸಂದಿಯಲ್ಲಿ ಮೂರು ಬೆರಳಷ್ಟು, ಅಂದರೆ ಐದು ಸೆಂಟಿಮೀಟರಿನಷ್ಟು ಕಳೆದುಹೋಗಿದೆ. ಅದನ್ನು ಆರೂವರೆ ಮಿಲಿಮೀಟರಿನ ಟೈರು ಹೇಗೆ ತುಂಬಿಕೊಡುತ್ತದೆ? ಅಷ್ಟೇ ಅಲ್ಲ, ದೊಡ್ಡ ಟೈರು ಆ ಒಂದು ಬೆರಳಿನ ಸಂದನ್ನೂ ತಾನೇ ತಿಂದುಹಾಕುತ್ತದೆ. ಪುಸ್ತಕ ಮುಚ್ಚಿಟ್ಟೆ.

ಬೆಳಿಗ್ಗೆ ಅಪ್ಪನೂ ಹೊರಟರು. ಹೊರಡುವ ಮುಂಚೆ ಅಟ್ಟ ಹತ್ತಿ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು. ಹನ್ನೊಂದು ತಿಂಗಳಿಂದ ಅಲ್ಲಿ ಕೂತ ಕಾಯಿ ಅವು. ನೀರು ಬತ್ತಿ ಗಿಟುಕಾಗಿ ಒಳಗೆ ಲೊಟಗುಟ್ಟಿದರೆ ಒಡೆಯಬಹುದು. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದ ಉಂಡೆ ಕೊಬ್ಬರಿ ಹೀಗೆ ಕಾದು ಕಾದು ಆಗುವಂಥದ್ದು. ಇನ್ನೊಂದು ತಿಂಗಳು ಬೇಕು ಅಂದುಕೊಂಡು ಇಳಿದು ಬಂದರು.

ತಿಪಟೂರಿನ ಮೊದಲ ಟೈರಂಗಡಿಯಲ್ಲಿ ಒಳ್ಳೆ ರಿಯಾಯಿತಿ ಹೇಳಿದರು. ಪಕ್ಕೆಯ ಮೇಲಿನ ನಾಲ್ಕು ಅಂಕಿ ಓದಿದೆ: 0921. ಮೊದಲೆರಡು ವಾರ, ಕೊನೆಯೆರಡು ವರ್ಷ. 2021ರ ಒಂಬತ್ತನೆಯ ವಾರದಲ್ಲಿ ಆದ ಟೈರು ನಾಲ್ಕು ವರ್ಷ ಅಂಗಡಿಯಲ್ಲೇ ಕೂತಿದೆ. ಅದೇ ನೆಪದಲ್ಲಿ ನಮ್ಮ ಸ್ಟೆಪ್ನಿಯನ್ನೂ ಹೊರಗೆಳೆದು ನೋಡಿದೆ. ಒಂದು ದಿನವೂ ರಸ್ತೆ ಕಾಣದ ಟೈರು, ಬಟನ್ ಹೊಚ್ಚ ಹೊಸದು. ಅಂಕಿ ಮಾತ್ರ 3107! ಪಕ್ಕೆ ಒತ್ತಿದರೆ ಬೇಸಿಗೆಯ ಕೆರೆಯಂಗಳದ ಹಾಗೆ ಸಣ್ಣ ಸಣ್ಣ ಬಿರುಕು. ಹದಿನೆಂಟು ವರ್ಷ ಇದನ್ನು ನಂಬಿಕೊಂಡು ರಾತ್ರಿ ಹಗಲು ತಿರುಗಿದ್ದೇವೆ. "ಕಾಯಿ ಕಾದರೆ ಕೊಬ್ಬರಿಯಾಗ್ತದೆ, ರಬ್ಬರು ಕಾದರೆ ಕೆಡ್ತದೆ" ಅಂದರು ಅಪ್ಪ. ಕೊಳ್ಳಬೇಕಾದ್ದು ನಾಲ್ಕಲ್ಲ, ಐದು ಅಂತ ಅಲ್ಲೇ ತೀರ್ಮಾನವಾಯಿತು.

ಸ್ಪ್ರಿಂಗಿಗೆ ತುರುವೇಕೆರೆ. ಈ ಮಾದರಿಯ ಗಾಡಿಗಳನ್ನು ಬಿಚ್ಚಿ ಬಿಚ್ಚಿ ಪಳಗಿದ ಮೆಕ್ಯಾನಿಕ್ಕೊಬ್ಬರು ಅಲ್ಲಿದ್ದಾರೆಂದು ದೊಡ್ಡಪ್ಪನೇ ಹೇಳಿ ಕಳಿಸಿದ್ದರು. ಕೆ.ಬಿ. ಕ್ರಾಸಿಗೆ ಹಿಂದಿರುಗಿ ದಕ್ಷಿಣಕ್ಕೆ ಹೊರಳಿದೆವು. ರಸ್ತೆಯ ಎರಡೂ ಕಡೆ ತೋಟ, ತೋಟದ ಬೇಲಿಯಲ್ಲಿ ಜಾಲಿ. ನಮ್ಮ ಕಡೆ ಟೈರಿಗೆ ಗುಂಡಿಗಿಂತ ಹೆಚ್ಚು ಕಾಟ ಕೊಡುವುದು ಈ ಮುಳ್ಳೇ. ಮೆಕ್ಯಾನಿಕ್ ತುಮಕೂರಿಗೆ ಫೋನು ಮಾಡಿ ಜೊತೆ ಸ್ಪ್ರಿಂಗು ಬಸ್ಸಿಗೆ ಹಾಕಿಸಿದರು. ಬರುವ ತನಕ ಗಂಗಾಧರೇಶ್ವರನ ಗುಡಿಗೆ ಹೋಗಿ ಕೂತೆವು. ಅಲ್ಲಿಯ ಕರಿಕಲ್ಲಿನ ನಂದಿಯ ಮೈ ಎಣ್ಣೆ ಸವರಿದ ಹಾಗೆ ಮಿರುಗುತ್ತದೆ. ಮುಖ ಕಾಣುವಷ್ಟು ನಯ. ಅಪ್ಪ ಅದರ ಪಕ್ಕೆಯನ್ನು ಮುಟ್ಟದೆ, ಕೈ ಹಿಂದೆ ಕಟ್ಟಿಕೊಂಡು ಎರಡು ಸುತ್ತು ಬಂದರು.

ಮಧ್ಯಾಹ್ನ ಹಳೆ ಸ್ಪ್ರಿಂಗು ಬಿಚ್ಚಿ ಹೊಸದರ ಪಕ್ಕ ನಿಲ್ಲಿಸಿದಾಗ ನನಗೆ ಮಾತೇ ಹೊರಡಲಿಲ್ಲ. ಹಳೆಯದು ಅಷ್ಟು ಕುಳ್ಳಾಗಿತ್ತು. ಒಳಗಡೆ ಸವೆದದ್ದು ಯಾಕೆಂದೂ ಮೆಕ್ಯಾನಿಕ್ ತೋರಿಸಿಕೊಟ್ಟರು. ಈ ಗಾಡಿಯ ಹಿಂಚಕ್ರಗಳು ಒಂದೇ ದಂಡಿಗೆ ಜೋಡಿಸಿದವಲ್ಲ. ಒಂದೊಂದಕ್ಕೂ ಬೇರೆ ಬೇರೆ ತೋಳು. ಭಾರ ಬಿದ್ದು ಮೈ ಕೆಳಗಿಳಿದಷ್ಟೂ ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಟೈರು ಒಳಗಿನ ಅಂಚಿನ ಮೇಲೆ ಓಡುತ್ತದೆ. ಕುಸಿದ ಸ್ಪ್ರಿಂಗಿನ ಮೇಲೆ ಅದು ಖಾಲಿ ಇದ್ದಾಗಲೂ ಹಾಗೇ ಓಡುತ್ತಿತ್ತು. ದೊಡ್ಡ ಟೈರು ಹಾಕಿಸಿದ್ದರೆ ಅದೂ ವರ್ಷದೊಳಗೆ ಅದೇ ಥರ ಬೋಳಾಗುತ್ತಿತ್ತು. ದೊಡ್ಡಪ್ಪ ಬೆರಳಿಟ್ಟು ಹೇಳಿದ್ದು ಇದನ್ನೇ.

ಟೈರು ಸಿಕ್ಕಿದ್ದು ಚಿಕ್ಕನಾಯಕನಹಳ್ಳಿಯಲ್ಲಿ. ಅಷ್ಟು ಹೊತ್ತಿಗೆ ಅಳತೆಯ ಬಗ್ಗೆ ನನಗೆ ಗೊಂದಲವಿರಲಿಲ್ಲ, ಆದರೂ ಅಂಗಡಿಯ ಹುಡುಗ 185/65 ಎದುರಿಗಿಟ್ಟಾಗ ಒಂದು ಗಳಿಗೆ ಮನಸ್ಸು ವಾಲಿತು. ಅದರಲ್ಲಿ ಒಂದು ನಿಜವಾದ ಗುಣವಿದೆ. ಟೈರಿನ ಮೇಲೆ ಅಳತೆಯ ಪಕ್ಕ ಭಾರದ ಅಂಕಿ ಇರುತ್ತದೆ. 82 ಅಂದರೆ ಒಂದು ಟೈರು 475 ಕೆ.ಜಿ. ಹೊರುತ್ತದೆ, 86 ಅಂದರೆ 530. ನಮ್ಮಂತೆ ಹೇರುವವರಿಗೆ ಆ 55 ಕೆ.ಜಿ. ಆಸೆ ಹುಟ್ಟಿಸುತ್ತದೆ. ಆದರೆ ಟೈರು ಹೊತ್ತರೂ ಸ್ಪ್ರಿಂಗು ಹೊರಬೇಕಲ್ಲ, ಬ್ರೇಕು ನಿಲ್ಲಿಸಬೇಕಲ್ಲ. ಕಂಪನಿಯವರು ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿರುವುದೂ, ಎಫ್‌ಸಿಗೆ ಹೋದಾಗ ಪ್ರಶ್ನೆ ಬರದಿರುವುದೂ 175/65. ಈಗಿನ ಹೊಸ ಕಾರುಗಳಲ್ಲೂ ಇದೇ ಅಳತೆ ಓಡಾಡುತ್ತಿದೆ, ಹಾಗಾಗಿ ಸಣ್ಣ ಊರಲ್ಲೂ ಸಿಗುತ್ತದೆ. ಐದೂ ಅದೇ ತೆಗೆದುಕೊಂಡೆ. ಎಲ್ಲದರ ಮೇಲೂ ಆ ವರ್ಷದ ಅಂಕಿ, ಐಎಸ್‌ಐ ಗುರುತು, ಪಕ್ಕದಲ್ಲಿ 82 ಟಿ. 'ಟಿ' ಅಂದರೆ ಗಂಟೆಗೆ 190 ಕಿಲೋಮೀಟರಿನ ತನಕ ತಾಳುವ ಟೈರು, ಅಪ್ಪ 60 ದಾಟಿದ್ದನ್ನು ನಾನು ಕಂಡಿಲ್ಲ. ಅಪ್ಪ ಮಾತ್ರ ವಿಕ್ರಾಂತ್ ಇದೆಯಾ ಅಂತ ಕೇಳಿದರು. ಮೈಸೂರಿನ ಆ ಕಾರ್ಖಾನೆ 1997ರಲ್ಲಿ ಜೆಕೆಯವರ ಕೈಗೆ ಹೋಯಿತು. ಅವರಿಗೆ ಟೈರೆಂದರೆ ಈಗಲೂ ಅದೇ ಹೆಸರು.

ಶೆಟ್ಟಿಕೆರೆ ಮೇಲೆ ತಿಪಟೂರಿಗೆ ಬಂದು ಅಲೈನ್‌ಮೆಂಟ್ ಮಾಡಿಸಿ ಹೊನ್ನವಳ್ಳಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮೂರನೆಯ ಹಂಪು ದಾಟುವಾಗ ಮೂವರೂ ಉಸಿರು ಹಿಡಿದೆವು. ತಿಪಟೂರಿನಲ್ಲಿ ಹತ್ತಿಸಿಕೊಂಡ ಚಿಕ್ಕಪ್ಪನಿಗೆ ಯಾಕೆಂದು ಗೊತ್ತಿಲ್ಲದೆ ಅವರೂ ಹಿಡಿದರು. ಗಾಡಿ ತಾಗಲಿಲ್ಲ.

ಮರುದಿನ ಬೆಂಗಳೂರಿಗೆ ಹೊರಡಬೇಕು. ಅಪ್ಪ ಬೆಳಿಗ್ಗೆಯೇ ಸುಲಿದ ಕಾಯಿ ತುಂಬಿದ್ದರು. ನನಗೆ, ತಮ್ಮನಿಗೆ, ಮಲ್ಲೇಶ್ವರದ ಅತ್ತೆಗೆ, ನನ್ನ ಆಫೀಸಿನವರಿಗೆ ಅಂತ ನಾಲ್ಕು ಚೀಲ. ನಾಲ್ಕೂ ಸೇರಿ ಎರಡು ಕ್ವಿಂಟಾಲಿಗೆ ಕಡಿಮೆಯಿಲ್ಲ. ಅಂಗಡಿ ಮುಂದೆ ನಿಲ್ಲಿಸಿದೆ. ದೊಡ್ಡಪ್ಪ ಗಾಳಿ ನೋಡಿ, ಭಾರಕ್ಕೆ ತಕ್ಕಂತೆ ಹಿಂದಕ್ಕೆ ಸ್ವಲ್ಪ ಹೆಚ್ಚು ಹೊಡೆದು, ಮಡ್‌ಗಾರ್ಡಿನ ಕೆಳಗೆ ಕೈ ತೂರಿಸಿದರು. ಎರಡು ಬೆರಳು ಸಲೀಸಾಗಿ ಹೋದವು. ಮೂರನೆಯದು ಬಿಗಿಯಾಗಿ ಹೋಯಿತು.

"ಯಜಮಾನ್ರೆ, ಒಂದು ಚೀಲ ಇಳಿಸಿ" ಅಂದರು ಅಪ್ಪನಿಗೆ.

ಅಪ್ಪ ಕೇಳಿಸದವರಂತೆ ರಸ್ತೆ ನೋಡುತ್ತಿದ್ದರು. ಅಮ್ಮ ಕೆಳಗಿಳಿದು ಹಿಂಬಾಗಿಲು ಎತ್ತಿ, ಆಫೀಸಿನ ಚೀಲವನ್ನು ನನ್ನ ಕೈಯಿಂದಲೇ ಇಳಿಸಿಸಿದರು.