ಡಾಕ್ಟರು ಬುದ್ಧಿ ಹೇಳಲಿಲ್ಲ

1

ಮನೆಯಲ್ಲಿ ಒಬ್ಬರು ಮಂಕಾಗಿ ಕೂತರೆ ಸಾಕು, ಬಂದವರೆಲ್ಲ ಬುದ್ಧಿ ಹೇಳುತ್ತಾರೆ. ‘ಧೈರ್ಯ ತಂದ್ಕೋ’, ‘ಬೇಡದ್ದೆಲ್ಲ ಯೋಚನೆ ಮಾಡಬೇಡ’, ‘ನಿನಗೇನು ಕಮ್ಮಿಯಾಗಿದೆ?’ ನನ್ನ ಚಿಕ್ಕಮ್ಮನಿಗೆ ನೆಂಟರಿಷ್ಟರು ಹೇಳುತ್ತಿದ್ದದ್ದೂ ಇವೇ ಮಾತುಗಳು.

ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದಾಗ ಅವರು ಇದರಲ್ಲಿ ಒಂದನ್ನೂ ಹೇಳಲಿಲ್ಲ. ರಾತ್ರಿ ಎಷ್ಟು ಗಂಟೆಗೆ ಎಚ್ಚರವಾಗುತ್ತೆ ಎಂದು ಕೇಳಿದರು. ‘ಮೂರು ಗಂಟೆಗೆ’ ಎಂದಳು. ಎದ್ದು ಏನು ಮಾಡ್ತೀರಿ? ‘ಅಡುಗೆಮನೆ ಕಟ್ಟೆ ಒರೆಸ್ತೀನಿ. ಒರೆಸಿದ್ದನ್ನೇ ಮತ್ತೆ ಒರೆಸ್ತೀನಿ.’ ಬೆಳಗ್ಗೆ ಹೆಚ್ಚು ಕಷ್ಟವೋ ಸಂಜೆಯೋ? ‘ಬೆಳಗ್ಗೆ. ಸಂಜೆ ಹೊತ್ತಿಗೆ ಸ್ವಲ್ಪ ಹಗುರ.’

ನಸುಕಿಗೂ ಮುಂಚೆ ಎಚ್ಚರವಾಗುವುದು, ಬೆಳಗಿನ ಹೊತ್ತೇ ಹೆಚ್ಚು ಭಾರವಾಗುವುದು ತೀವ್ರ ಖಿನ್ನತೆಯ ಗುರುತುಗಳು ಎಂದು ಆಮೇಲೆ ತಿಳಿಯಿತು. ನನ್ನನ್ನು ಇಂದಿಗೂ ಕಾಡುವುದು ಬೇರೆ. ಬುದ್ಧಿ ಹೇಳುವ ಅಧಿಕಾರ, ಓದು, ಅನುಭವ ಎಲ್ಲವೂ ಇದ್ದ ಒಬ್ಬರೇ ಒಬ್ಬರು ಬುದ್ಧಿ ಹೇಳದೆ ಬರೀ ಕೇಳುತ್ತಾ ಹೋದರಲ್ಲ, ಯಾಕೆ?

2

ಹೊರರೋಗಿ ವಿಭಾಗದ ಬೆಂಚಿನ ಮೇಲೆ ಕೂತು ಅಕ್ಕಪಕ್ಕದ ಮಾತು ಕೇಳಿಸಿಕೊಂಡರೆ ಅದು ಮನಸ್ಸಿನ ಆಸ್ಪತ್ರೆ ಎನ್ನಿಸುವುದೇ ಇಲ್ಲ. ತಲೆಭಾರ, ಎದೆಉರಿ, ಕೈಕಾಲು ಜೋಮು, ಸುಸ್ತು, ಗ್ಯಾಸು. ದುಃಖ ಎಂದು ಯಾರೂ ಅನ್ನುವುದಿಲ್ಲ. ಇವರಲ್ಲಿ ಅನೇಕರು ಎಕ್ಸ್‌ರೇ, ಸ್ಕ್ಯಾನು ಎಲ್ಲ ಮಾಡಿಸಿ, ‘ಏನೂ ಇಲ್ಲ’ ಎನ್ನಿಸಿಕೊಂಡು ಬಂದವರು.

ಅವರು ಸುಳ್ಳು ಹೇಳುತ್ತಿಲ್ಲ. ಖಿನ್ನತೆಯಲ್ಲಿ ಮೈ ನಿಜವಾಗಿಯೂ ನೋಯುತ್ತದೆ, ಹಸಿವು ನಿಜವಾಗಿಯೂ ಸಾಯುತ್ತದೆ. ತಲೆನೋವಿಗೆ ಮನೆಯವರು ಬಿಸಿನೀರು ಕಾಯಿಸಿ ಕೊಡುತ್ತಾರೆ, ದುಃಖಕ್ಕೆ ಉಪದೇಶ ಕೊಡುತ್ತಾರೆ. ಹಾಗಿರುವಾಗ ಜನ ತಲೆನೋವನ್ನೇ ಮುಂದಿಡುವುದರಲ್ಲಿ ಆಶ್ಚರ್ಯವೇನಿದೆ?

3

‘ಬದುಕು ಸಾಕು ಅನ್ನಿಸುತ್ತಾ? ಸಾಯಬೇಕು ಅಂತ ಯೋಚನೆ ಬಂದಿದೆಯಾ?’ ಡಾಕ್ಟರು ಇದನ್ನು ನೇರವಾಗಿಯೇ ಕೇಳಿದರು. ನನ್ನ ಎದೆ ಝಲ್ಲೆಂದಿತು. ಚಿಕ್ಕಮ್ಮ ಬೆಚ್ಚಲಿಲ್ಲ. ಬಹಳ ಹೊತ್ತಿನಿಂದ ಹಿಡಿದಿಟ್ಟಿದ್ದ ಉಸಿರು ಬಿಟ್ಟವಳಂತೆ ಮಾತಾಡಿದಳು.

ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂಬುದು ನಮ್ಮೆಲ್ಲರ ಅಂಜಿಕೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತಪ್ಪು ಕಲ್ಪನೆಗಳ ಪಟ್ಟಿಗೆ ಸೇರಿಸಿದೆ. ಕೇಳಿದಾಗ ಹೊರೆ ಇಳಿಯುತ್ತದೆ. ನಮ್ಮ ಕಾನೂನೂ ಆ ಕಡೆಗೇ ಬಂದಿದೆ: 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಮೊದಲು ಭಾವಿಸಬೇಕು, ಅವರಿಗೆ ಆರೈಕೆ ಸಿಗಬೇಕು.

4

ಈಗ ನನ್ನ ದೊಡ್ಡ ಗೋಜಲು: ಕಾಯಿಲೆಯವರ ಜೊತೆ ಮನೆಯವರು ಇರುವುದು ಒಳ್ಳೆಯದೋ, ಅಲ್ಲವೋ? 1950ರ ದಶಕದಲ್ಲಿ ಎರಡು ಊರುಗಳಲ್ಲಿ ನಡೆದದ್ದನ್ನು ಪಕ್ಕಪಕ್ಕ ಇಟ್ಟು ನೋಡುತ್ತಿದ್ದೇನೆ.

ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಒಳಕ್ಕೆ ಕರೆದರು. ಆವರಣದಲ್ಲೇ ಡೇರೆ ಹಾಕಿಸಿ ರೋಗಿಯ ಜೊತೆ ಇರಿಸಿಕೊಂಡರು. ಗೋಡೆಯಾಚೆ ಬಿಟ್ಟುಹೋಗುವ ಜಾಗ ಎನ್ನಿಸಿಕೊಂಡಿದ್ದ ಕಡೆ ಕುಟುಂಬವೇ ಬಂದು ತಂಗಿತು. ಜನ ಬೇಗ ಗುಣವಾಗಿ ಮನೆಗೆ ಹೋದರು. ಮುಂದೆ ವೆಲ್ಲೂರಿನಲ್ಲಿ, ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೆಯವರು ಜೊತೆಗಿರುವ ಪದ್ಧತಿ ಬೇರೂರಿತು.

ಅದೇ ದಶಕದಲ್ಲಿ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜವಿಜ್ಞಾನಿ ಮತ್ತು ಸಂಗಡಿಗರು, ಸ್ಕಿಜೋಫ್ರೇನಿಯಾ ಇದ್ದು ಆಸ್ಪತ್ರೆಯಿಂದ ಬಿಡುಗಡೆಯಾದವರ ಜಾಡು ಹಿಡಿದರು. ಅಪ್ಪ ಅಮ್ಮನ ಜೊತೆ, ಗಂಡ ಅಥವಾ ಹೆಂಡತಿಯ ಜೊತೆ ಇರಲು ಹೋದವರಿಗೇ ಕಾಯಿಲೆ ಹೆಚ್ಚಾಗಿ ಮರುಕಳಿಸಿತ್ತು. ಬಾಡಿಗೆ ಕೋಣೆ ಹಿಡಿದವರು ಅವರಿಗಿಂತ ಚೆನ್ನಾಗಿದ್ದರು. ಪ್ರೀತಿಯ ಮನೆಗಿಂತ ಬಾಡಿಗೆ ಕೋಣೆ ಮೇಲೆಂದರೆ ಒಪ್ಪುವುದು ಹೇಗೆ?

ಬ್ರೌನ್ ಬಿಡದೆ ಹುಡುಕಿದರು. ಮನೆಯವರು ಹೇಗೆ ಮಾತಾಡುತ್ತಾರೆ ಎಂಬುದನ್ನು ಅಳೆದರು. ಮರುಕಳಿಕೆ ಹೆಚ್ಚಿದ್ದ ಮನೆಗಳಲ್ಲಿ ಮೂರು ಸಂಗತಿ ಎದ್ದುಕಂಡವು: ಸದಾ ತಪ್ಪು ಎತ್ತಿ ಆಡುವುದು, ಹಗೆತನ ಮತ್ತು ಉಸಿರುಗಟ್ಟಿಸುವಷ್ಟು ಕಾಳಜಿ. ಮೂರನೆಯದನ್ನು ಓದಿದಾಗ ಸುಮ್ಮನೆ ಕೂತುಬಿಟ್ಟೆ. ತಟ್ಟೆಯ ಮುಂದೆ ಕೂತು ಒಂದೊಂದು ತುತ್ತು ಎಣಿಸುವ ತಾಯಿಯೂ ಆ ಲೆಕ್ಕದಲ್ಲಿ ಸೇರುತ್ತಾಳೆ. 1980ರ ದಶಕದಲ್ಲಿ ಚಂಡೀಗಢದಲ್ಲಿ ಇದೇ ಅಳತೆ ನಡೆದಾಗ, ಲಂಡನ್ನಿಗೆ ಹೋಲಿಸಿದರೆ ಅಂಥ ಮನೆಗಳು ಕಡಿಮೆ ಸಿಕ್ಕವು.

ಅಮೃತಸರವೂ ನಿಜ, ಲಂಡನ್ನೂ ನಿಜ. ಜೊತೆಗಿದ್ದರಷ್ಟೇ ಸಾಲದು, ಜೊತೆಗಿದ್ದು ಏನು ಆಡುತ್ತೇವೆ ಎಂಬುದರ ಮೇಲೆ ಎಲ್ಲ ನಿಂತಿದೆ.

5

ಚಿಕ್ಕಮ್ಮನಿಗೆ ಮಾತ್ರೆ ಬರೆದುಕೊಡುವಾಗ ಡಾಕ್ಟರು ಹೇಳಿದ್ದು: ‘ಹೊಟ್ಟೆ ತೊಳೆಸುವುದು, ಮಂಪರು ಮೊದಲು ಬರಬಹುದು. ಗುಣ ಕಾಣೋಕೆ ಎರಡರಿಂದ ನಾಲ್ಕು ವಾರ ಬೇಕು.’ ಕಷ್ಟ ಮುಂಚೆ, ಸುಖ ಆಮೇಲೆ. ಬಹಳ ಜನ ಈ ನಡುವಿನ ದಿನಗಳಲ್ಲೇ ಮಾತ್ರೆ ಬಿಡುತ್ತಾರೆ. ಇನ್ನಷ್ಟು ಜನ ಸ್ವಲ್ಪ ಹಗುರಾದ ಕೂಡಲೇ ಬಿಡುತ್ತಾರೆ. ಗುಣವಾದ ಮೇಲೂ ತಿಂಗಳುಗಟ್ಟಲೆ ಮುಂದುವರಿಸಬೇಕಾಗುತ್ತದೆ, ನಿಲ್ಲಿಸುವುದನ್ನು ಡಾಕ್ಟರೇ ಹೇಳಬೇಕು.

ಆ ವಾರಗಳಲ್ಲಿ ಮನೆಯವರ ಕೆಲಸ ಒಂದೇ: ‘ಇನ್ನೂ ಸರಿಹೋಗಿಲ್ವಾ?’ ಎಂದು ಕೇಳದೆ ಕಾಯುವುದು. ಅದು ಮಾತ್ರೆ ನುಂಗುವುದಕ್ಕಿಂತ ಕಷ್ಟದ ಕೆಲಸ ಎಂದು ನನಗೆ ಕಂಡಿದೆ.

6

ಆ ಡಾಕ್ಟರಂತೆ ಬುದ್ಧಿ ಹೇಳದೆ ಕೇಳಿಸಿಕೊಳ್ಳುವುದು ಹುಟ್ಟಿನಿಂದ ಬರುವ ಗುಣವೋ, ಕಲಿಯಬಹುದಾದ ವಿದ್ಯೆಯೋ?

ಕಲಿಯಬಹುದು ಎನ್ನುತ್ತದೆ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರು, ಕಾರ್ಯಕರ್ತರಿಗೆ ಮನೋರೋಗ ಗುರುತಿಸಿ ನೋಡಿಕೊಳ್ಳುವ ತರಬೇತಿ ಕೊಟ್ಟಿತು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಡಾ. ಸಿ. ಆರ್. ಚಂದ್ರಶೇಖರ್ ಅವರ ಬದುಕು ಹೇಳುವುದೂ ಅದನ್ನೇ. ನಿಮ್ಹಾನ್ಸ್‌ನಲ್ಲಿ ದುಡಿದ ಅವರು ಕನ್ನಡದಲ್ಲಿ ಮನಸ್ಸಿನ ಬಗ್ಗೆ ಪುಸ್ತಕದ ಮೇಲೆ ಪುಸ್ತಕ ಬರೆದರು. ಬೆಂಗಳೂರಿನಲ್ಲಿ ‘ಸಮಾಧಾನ’ ಕೇಂದ್ರ ತೆರೆದು ಉಚಿತವಾಗಿ ಆಪ್ತಸಲಹೆ ಕೊಟ್ಟರು. 2024ರಲ್ಲಿ ಪದ್ಮಶ್ರೀ ಬಂತು. ಮನೋವೈದ್ಯವನ್ನು ಮನೆಮಾತಿಗೆ ತಂದ ಇಂಥವರಿಂದಲೇ ಹಳ್ಳಿಯ ಓದುಗರಿಗೂ ಖಿನ್ನತೆ ಒಂದು ಕಾಯಿಲೆ ಎಂಬ ಅರಿವು ಮುಟ್ಟಿದೆ.

7

ಮೊದಲ ಟಿಪ್ಪಣಿಯ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇಷ್ಟು. ಬುದ್ಧಿ ಹೇಳುವವನು ಎದುರಿನವರ ಬದುಕನ್ನು ಬಲ್ಲೆ ಎಂದುಕೊಂಡಿರುತ್ತಾನೆ. ನೂರಾರು ಬದುಕುಗಳನ್ನು ಕಂಡ ಮನೋವೈದ್ಯರು, ಮುಂದೆ ಕೂತ ಈ ಒಂದು ಬದುಕನ್ನು ಇನ್ನೂ ಬಲ್ಲೆ ಎಂದುಕೊಳ್ಳುವುದಿಲ್ಲ. ಅದಕ್ಕೇ ಕೇಳುತ್ತಾರೆ.

ನಿಮ್ಮ ಮನೆಯಲ್ಲಿ ಯಾರಾದರೂ ಊಟ, ನಿದ್ರೆ, ಮಾತು ಬಿಟ್ಟು ಎರಡು ವಾರ ದಾಟಿದ್ದರೆ ಪಕ್ಕದಲ್ಲಿ ಕೂತು ‘ರಾತ್ರಿ ನಿದ್ರೆ ಬಂತಾ?’ ಎಂದು ಕೇಳಿ, ಉತ್ತರ ಮುಗಿಯುವವರೆಗೆ ನಡುವೆ ಬಾಯಿ ಹಾಕಬೇಡಿ. ಆಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹೋಗಲು ಅಂಜಿಕೆಯಿದ್ದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ: 14416. ಹಗಲು ರಾತ್ರಿ ಎನ್ನದೆ, ಹಣವಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು.